ಟವೆಲ್ ತುರುಕಿದ ತಲೆ

ಬಸ್ಸು ನಾಸಿಕ್ ದಾಟುವ ಮೊದಲೇ ವೈಜನಾಥನ ತೊಡೆಯ ಮೇಲಿದ್ದ ಕಬ್ಬಿಣದ ತಲೆ ಸದ್ದು ಮಾಡತೊಡಗಿತು. ಸರಳುಗಳನ್ನು ಬಗ್ಗಿಸಿ ಬೆಸೆದ, ಕಣ್ಣು ಮೂಗಿಲ್ಲದ ತಲೆ. ಒಳಗೆಲ್ಲ ಮೊಳೆಗಳು, ನಡುವೆ ಬೇರಿಂಗಿನದೊಂದು ಗುಂಡು. ರಸ್ತೆಯ ಪ್ರತಿ ತಗ್ಗಿಗೂ ಅದು ಮೊಳೆಯಿಂದ ಮೊಳೆಗೆ ಬಡಿಯುತ್ತಿತ್ತು.

ಕಾರ್ಖಾನೆಯ ವೆಲ್ಡಿಂಗ್ ಶೆಡ್ಡಿನಲ್ಲಿ, ಊಟದ ವಿರಾಮಗಳಲ್ಲಿ, ಎರಡು ತಿಂಗಳು ಕೂತು ಅವನು ಅದನ್ನು ಮಾಡಿದ್ದ. ನಿಮಗೆ ಏನಾಗುತ್ತದೆ ಎಂದು ಔರಂಗಾಬಾದಿನ ಡಾಕ್ಟರು ಪ್ರತಿ ಸಲವೂ ಕೇಳುತ್ತಿದ್ದರು. ಪ್ರತಿ ಸಲವೂ ಅವನ ಬಾಯಿ ಕಟ್ಟುತ್ತಿತ್ತು. ನಿದ್ದೆ ಬರುವುದಿಲ್ಲ ಎಂದು ಹೆಂಡತಿ ಕಸ್ತೂರಿಬಾಯಿಯೇ ಹೇಳುತ್ತಿದ್ದಳು. ಡಾಕ್ಟರು ನಿದ್ದೆಯ ಗುಳಿಗೆ ಬರೆಯುತ್ತಿದ್ದರು. ಈ ಸಲ ಇದನ್ನೇ ಅವರ ಮೇಜಿನ ಮೇಲಿಟ್ಟು ಅಲ್ಲಾಡಿಸುವುದೆಂದು ಅವನು ನಿಶ್ಚಯಿಸಿದ್ದ.

ಏನದು ಎಂದು ಹಿಂದಿನ ಸೀಟಿನವರು ಕೇಳಿದರು. ಗಿಳಿಯ ಪಂಜರ ಎಂದಳು ಕಸ್ತೂರಿಬಾಯಿ. ಮುಂದಿನವರಿಗೆ ಇದ್ದಿಲು ಹಾಕುವ ಶೇಗಡಿ ಎಂದಳು. ನಿಫಾಡ್ ಬರುವಷ್ಟರಲ್ಲಿ ಅವಳ ಸುಳ್ಳುಗಳು ಮುಗಿದಿದ್ದವು, ಉಳಿದವರ ತಾಳ್ಮೆಯೂ. ಕಂಡಕ್ಟರ್ ಎದ್ದು ಬಂದ.

"ಬಾಯಿ, ಹೆ ಬಂದ್ ಕರಾ."

ಸದ್ದು ನಿಲ್ಲದಿದ್ದರೆ ಯೇವಲೆಯಲ್ಲಿ ಇಬ್ಬರನ್ನೂ ಇಳಿಸುವುದಾಗಿ ಹೇಳಿ ಹೋದ.

"ಇದನ್ನ ಕೇಳಿ ಕೇಳಿ ನನಗ ಹುಚ್ಚ ಹಿಡೀತದ ನೋಡ್ರಿ," ಎಂದು ಅವಳು ಕಬ್ಬಿಣದ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡು, ಸರಳುಗಳ ಸಂದಿಯಿಂದ ಟವೆಲ್ ತುರುಕಿದಳು. ಸದ್ದು ಕುಗ್ಗಿತು, ನಿಲ್ಲಲಿಲ್ಲ. ಟವೆಲ್ ಕಿತ್ತುಕೊಳ್ಳಲು ಬಂದ ಅವನ ಕೈಗೆ ಒಂದು ಏಟು ಕೊಟ್ಟಳು. ಅವನು ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡು ಕೂತ.

ಯೇವಲೆಯಲ್ಲಿ ಬಸ್ಸು ನಿಂತಿತು. ಇಂಜಿನ್ ಆರಿತು. ಗುಂಡು ಎರಡು ಮೊಳೆಗಳ ನಡುವೆ ತೆಪ್ಪಗೆ ಕೂತಿತು. ಎಲ್ಲರೂ ಉಸಿರು ಬಿಟ್ಟು ಚಹಾಕ್ಕೆ ಇಳಿದರು.

"ನಿಂತದಲ್ರೀ. ಇನ್ನರ ಕೈ ತಗೀರಿ."

"ಎಲ್ಲಿ ನಿಂತದ?" ಎಂದ ವೈಜನಾಥ.

ಅವನ ಅಂಗೈಗಳು ಕಿವಿಯ ಮೇಲೇ ಇದ್ದವು. ಕಸ್ತೂರಿಬಾಯಿ ಒಮ್ಮೆ ಗುಂಡನ್ನು ನೋಡಿದಳು, ಒಮ್ಮೆ ಅವನನ್ನು.

ಚಹಾ ಮುಗಿಸಿ ಹತ್ತಿದ ಕಂಡಕ್ಟರ್ ಟವೆಲ್ಲನ್ನು ಇನ್ನಷ್ಟು ಬಿಗಿಯಾಗಿ ತುರುಕುವಂತೆ ಕೈಸನ್ನೆ ಮಾಡಿದ. ಅವಳು ಅದನ್ನು ಹೊರಕ್ಕೆಳೆದಳು. ಮೊಳೆಗಳಿಗೆ ಸಿಕ್ಕು ಹರಿದಿತ್ತು. ಮಡಚಿ ಚೀಲಕ್ಕೆ ಹಾಕಿದಳು. ನಾವು ಇಳಿಯುವುದಿಲ್ಲ, ಬೆಲ್ ಹೊಡೆಯಿರಿ ಎಂದು ಅವನಿಗೆ ಮರಾಠಿಯಲ್ಲೇ ಹೇಳಿದಳು.

ಬಸ್ಸು ಹೊರಟಿತು. ರಸ್ತೆಯ ಮೊದಲ ತಗ್ಗಿಗಾಗಿ ಇಡೀ ಬಸ್ಸು ಕಿವಿ ನಿಮಿರಿಸಿ ಕಾಯುತ್ತಿತ್ತು.