ಹನ್ನೊಂದು ದಿನದ ಉಸಿರು

ಹನ್ನೊಂದು ದಿನದ ನನ್ನ ಮೊಮ್ಮಗಳು ತೀರಿಕೊಂಡಳೆಂದು ತಿಳಿದ ಬೆಳಿಗ್ಗೆ, ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು.

"ಹಸುಗೂಸಿನ ಉಸಿರುನಾಳದ ಒಳಪದರ ಇನ್ನೂ ಬಲಿತಿರಲ್ಲ, ಹೊಗೆ ತಡೆಯಲ್ಲ. ಮನೇಲಿ ಯಾರಾದ್ರೂ ಹೊಗೆ ಹಾಕಿದ್ರಾ?"

ಬಾಣಂತನ ಸೊಸೆಯ ತವರಿನಲ್ಲಿ ನಡೆದಿತ್ತು. ನನ್ನ ಮಗ ತನ್ನ ಅತ್ತೆಯ ಕಡೆ ತಿರುಗಿದ.

"ದಿನಾ ನೀರು ಹಾಕ್ತಿದ್ದೋರು ನೀವಲ್ವಾ ಅತ್ತೆ? ತಲೆ ಆರ್ಲಿ ಅಂತ ಸಾಂಬ್ರಾಣಿ ಹಿಡಿದ್ರಾ?"

"ದೇವರಾಣೆ ಇಲ್ಲಪ್ಪ. ನರ್ಸಮ್ಮ ಬೇಡ ಅಂದ್ಮೇಲೆ ಕೆಂಡಾನೇ ಮಾಡ್ಲಿಲ್ಲ."

"ಸುಳ್ಳು ಸಾಕು. ಇನ್ನು ನಿಮ್ಮ ಮಗಳನ್ನ ತವರಿಗೆ ಕಳಿಸಲ್ಲ."

ಬೀಗಿತ್ತಿ ನನ್ನ ಕೈ ಹಿಡಿದರು. "ಅಕ್ಕಾ, ಮೂರು ದಿನ ನೀವೂ ನಮ್ಮನೇಲಿದ್ರಲ್ಲ. ನೀವಾದ್ರೂ ಹೇಳಿ."

ನಾನು ಕಣ್ಣು ಮುಚ್ಚಿ, ಎಲ್ಲರಿಗೂ ಕೇಳುವಂತೆ ಪ್ರಾರ್ಥಿಸಿದೆ.

"ಭಗವಂತಾ, ನಾನು ಕದ್ದುಮುಚ್ಚಿ ಹಾಕಿದ ಹೊಗೆ ಕುಡಿದ ಆ ಕಂದನಿಗೆ ಶಾಂತಿ ಕೊಡು."