ಬಾವಿಕಟ್ಟೆಯ ಮುಖಂಡ

ಔಷಧದ ಡಬ್ಬಿ ಹಿಡಿದು ಬಾವಿಕಟ್ಟೆ ಹತ್ತಿದ ಹುಲೆಪ್ಪನ ಅಂಗಿಯನ್ನು ಹಿಂದಿನಿಂದ ಯಾರೋ ಕೋಲಿನ ಕೊಕ್ಕೆ ಹಾಕಿ ಜಗ್ಗಿದರು. ತಿರುಗಿ ನೋಡಿದರೆ ಊರಿನ ಗೌಡ, ಮಾಲಿಪಾಟೀಲ ಗುರಣ್ಣ. ಈ ಹುಡುಗನ ಊರಾದ ಅಂದೋಲಾದಲ್ಲಿ ಅವನ ಮನೆ ಯಾವ ಕೇರಿಯಲ್ಲಿದೆ ಎಂಬುದನ್ನು ಗುರಣ್ಣ ಆಗಲೇ ವಿಚಾರಿಸಿಕೊಂಡಿದ್ದ. ಆ ಕೇರಿಯವರು ಊರಬಾವಿ ಮುಟ್ಟುವಂತಿರಲಿಲ್ಲ.

ನಲವತ್ನಾಲ್ಕನೆಯ ಇಸವಿಯ ಬೇಸಿಗೆ. ಹಿರೋಳ್ಳಿಯ ಆಚೆಗಿನ ಆ ಹಳ್ಳಿಯಲ್ಲಿ ಕಾಲರಾ ಹೊಕ್ಕಿತ್ತು. ಕಲಬುರಗಿಯ ಕಾಲೇಜಿನಲ್ಲಿ ಪಾಠ ಹೇಳುವ ಮುರ್ತುಜಾ ಸಾಹೇಬರು ವಿದ್ಯಾರ್ಥಿಗಳ ತಂಡ ಕಟ್ಟಿಕೊಂಡು ಬಂದಿದ್ದರು. ಮುಖಂಡ ಯಾರಾಗಬೇಕೆಂದು ಅವರು ಹೇಳಿರಲಿಲ್ಲ, ನೀವೇ ಆರಿಸಿಕೊಳ್ಳಿ ಎಂದಿದ್ದರು. ಇಲ್ಲಿಗೆ ಬರುವ ಮುಂಚೆ ಜೇವರ್ಗಿಯಲ್ಲಿ ರೋಗಿಗಳ ವಾಂತಿ ಬಳಿಯಲು ಎಲ್ಲರೂ ಹಿಂದೆ ಸರಿದಾಗ ಮೊದಲು ಕೈ ಹಾಕಿದವನು ಹುಲೆಪ್ಪ. ಅಫಜಲಪುರದ ಅಮೃತ, ಆಳಂದದ ಗೌಸಮೊಹಿದ್ದೀನ, ಇಬ್ಬರೂ ಅವನ ಹೆಸರನ್ನೇ ಹೇಳಿದ್ದರು.

ಬಾವಿಗೆ ಔಷಧ ಹಾಕುವುದಕ್ಕೆ ಗುರಣ್ಣನ ತಕರಾರಿರಲಿಲ್ಲ. ಹಾಕುವ ಕೈ ಮಾತ್ರ ಬೇರೆ ಇರಬೇಕಿತ್ತು. ಡಬ್ಬಿ ನೀ ತಗೋ ಎಂದು ಅಮೃತನಿಗೆ ಹೇಳಿದ. ಅಮೃತ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಪಕ್ಕದಲ್ಲಿದ್ದ ಗೌಸಮೊಹಿದ್ದೀನನೂ ಕಟ್ಟಿಕೊಂಡ. ಗುರಣ್ಣ ಮುರ್ತುಜಾ ಸಾಹೇಬರ ಕಡೆ ತಿರುಗಿದ.

"ಸಾಹೇಬ್ರ, ನಿಮ್ಮ ಹುಡುಗಗ ನೀವರ ಹೇಳ್ರಿ."

"ಇಲ್ಲಿ ಮುಖಂಡ ಅಂವ. ನಾನೂ ಅವನ ಮಾತು ಕೇಳಾಂವ."

ಓಣಿಯೊಳಗಿಂದ ಅಳು ಕೇಳುತ್ತಿತ್ತು. ಹಟ ಹಿಡಿದರೆ ಊರವರು ಬಾವಿಯನ್ನೇ ಬಿಟ್ಟು ಇನ್ನೂ ಹೆಣ ಬೀಳಬಹುದು ಎಂದು ಹುಲೆಪ್ಪನಿಗೆ ಗೊತ್ತಿತ್ತು. ಆದರೆ ಬೆನ್ನ ಹಿಂದಿನ ಆ ಕೈಗಳಿಗೆ ಮುಂದೆ ಬನ್ನಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅಂಗಿ ಬಿಡಿಸಿಕೊಂಡು ಮುಚ್ಚಳ ತೆಗೆದ. ಪುಡಿ ಬಿದ್ದಲ್ಲಿ ನೀರು ನೇರಳೆ ಬಣ್ಣಕ್ಕೆ ತಿರುಗಿತು.

ಬಾವಿ ಕೆಟ್ಟಿತು, ಇನ್ನು ಯಾರೂ ಇದರ ನೀರು ಮುಟ್ಟಕೂಡದು, ಹಳ್ಳಕ್ಕೆ ಹೋಗಿ ತನ್ನಿ ಎಂದು ಗುರಣ್ಣ ಅಲ್ಲೇ ಕಟ್ಟಪ್ಪಣೆ ಮಾಡಿದ. ಹಳ್ಳದ ದಂಡೆಯಲ್ಲೇ ಜನ ರೋಗಿಗಳ ಬಟ್ಟೆ ಒಗೆಯುತ್ತಿದ್ದರು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಯೋಚಿಸುತ್ತ ಹುಲೆಪ್ಪ ರಾತ್ರಿಯೆಲ್ಲ ಕಟ್ಟೆಯ ಮೇಲೆ ಕುಳಿತ. ಮರುದಿನ ಬೆಳಿಗ್ಗೆ ಅಮೃತನೂ ಗೌಸಮೊಹಿದ್ದೀನನೂ ಹಳ್ಳದ ದಾರಿಯಲ್ಲಿ ನಿಂತು, ಕುದಿಸದೆ ಕುಡಿಯಬೇಡಿ ಎಂದು ಒಬ್ಬೊಬ್ಬರಿಗೂ ಕೈಮುಗಿದು ಹೇಳಿದರು. ಬೈಸಿಕೊಂಡರು. ಹುಲೆಪ್ಪ ಮಾತ್ರ ಬಾವಿಕಟ್ಟೆ ಬಿಟ್ಟು ಕದಲಲಿಲ್ಲ.

ಬಿಸಿಲೇರುವ ಹೊತ್ತಿಗೆ ಮಲ್ಕಮ್ಮ ಬಂದಳು. ಹಿಂದಿನ ದಿನ ಸೊಸೆಯನ್ನು ಮಣ್ಣು ಮಾಡಿ ಬಂದಿದ್ದ ಮುದುಕಿ. ಮನೆಯಲ್ಲಿ ಮೊಮ್ಮಗಳೂ ರೋಗ ಹತ್ತಿ ಮಲಗಿದ್ದಳು. ಕೊಡವನ್ನು ಹುಲೆಪ್ಪನ ಮುಂದೆ ಇಟ್ಟು, ನೀನೇ ಸೇದು ಎಂದಳು. ಗುರಣ್ಣ ಓಡಿ ಬಂದು, ಈ ನೀರು ಒಯ್ದರೆ ಊರಿಂದ ಹೊರಗೆ ಹಾಕುವುದಾಗಿ ಹೆದರಿಸಿದ.

"ಇವನ ಕೇರಿಯವ್ರು ಯಾರೂ ಮುಟ್ಟಲಾರದ ನೀರೇ ಕುಡದು ನನ್ನ ಸೊಸಿ ಸತ್ತಾಳ್ರಿ," ಅಂದಳು ಮಲ್ಕಮ್ಮ.

ಹುಲೆಪ್ಪ ಹಗ್ಗ ಹಿಡಿದ. ಹಳ್ಳದ ದಾರಿಯಿಂದ ಓಡಿ ಬಂದ ಗೆಳೆಯರಿಬ್ಬರೂ ಕೈಗೂಡಿಸಿದರು. ಮುರ್ತುಜಾ ಸಾಹೇಬರು ಅಂಗಿಯ ತೋಳು ಮಡಚಿಕೊಂಡು ಹಗ್ಗದ ತುದಿಗೆ ಬಂದು ನಿಂತರು. ಮೇಲೆ ಬಂದ ನೀರನ್ನು ಹುಲೆಪ್ಪ ಮೊದಲು ತಾನು ಕುಡಿದ. ಆಮೇಲೆ ಮುದುಕಿ ಬೊಗಸೆ ಒಡ್ಡಿ ಕುಡಿದಳು.

ತುಂಬಿದ ಕೊಡ ತಲೆಯ ಮೇಲಿಟ್ಟುಕೊಂಡು ಅವಳು ಓಣಿಗೆ ತಿರುಗಿದಳು. ಓಣಿಯ ಬಾಯಿಗೆ ಗುರಣ್ಣ ಅಡ್ಡ ನಿಂತಿದ್ದ. ಮಲ್ಕಮ್ಮ ನಡಿಗೆ ನಿಧಾನಿಸಲಿಲ್ಲ.

"ಸರೀರಿ ಗೌಡ್ರ, ನೀರು ತುಳುಕಾಕತ್ತದ. ಮೈಲಿಗಿ ಆದೀರಿ."

ಗುರಣ್ಣ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ.