ಮಿಸ್ ಕಾರ್ಲೊ ಮದುವೆಯಾಗುವುದಿಲ್ಲ

ಸೂಪು ಬರುವ ಮೊದಲೇ ರಾಯಭಾರಿ ಸರ್ ಲಯೊನೆಲ್ ಟೆನಿಕ್ ಇಬ್ಬರ ಮೇಲೂ ಕಣ್ಣಿಟ್ಟಿದ್ದರು. ಒಬ್ಬಳು ಅವರ ಕಚೇರಿಯ ಎರಡನೇ ಕಾರ್ಯದರ್ಶಿ ಊನಾ ಕಾರ್ಲೊ. ಇನ್ನೊಬ್ಬ ಡೆನಿಸ್ ಪೀಕ್, ಲಿಸ್ಬನ್‌ನಲ್ಲೇ ನೆಲೆನಿಂತ ಇಂಗ್ಲಿಷ್ ವೈನ್ ವ್ಯಾಪಾರಿ. ಇಬ್ಬರೂ ಒಟ್ಟಿಗೆ ಓಡಾಡುತ್ತಾರೆಂದು ಯಾರೋ ಚಾಡಿ ಹೇಳಿದ್ದರು. ಸರಿ, ಮಧ್ಯಾಹ್ನದ ಊಟಕ್ಕೆ ಕರೆದು, ಬೇಕೆಂದೇ ಅಕ್ಕಪಕ್ಕ ಕೂರಿಸಿದ್ದಾಯಿತು.

ವಿಷಯ ಸಣ್ಣದಲ್ಲ. 1953ರಲ್ಲಿ ಬ್ರಿಟಿಷ್ ರಾಯಭಾರ ಸೇವೆಯ ಹೆಂಗಸು ಮದುವೆಯಾದರೆ ರಾಜೀನಾಮೆ ಕೊಟ್ಟು ಮನೆಗೆ ಹೋಗಬೇಕಿತ್ತು. ಗಂಡಸರಿಗೆ ಆ ಕಾಟವಿಲ್ಲ. ಊನಾಗೆ ಬಡ್ತಿ ಕೊಡಲು ಲಂಡನ್ ಸಿದ್ಧವಿತ್ತು. ಆದರೆ ಅವಳು ಮದುವೆಯಾಗಿ ಕೈಕೊಡುವುದಿಲ್ಲವೆಂದು ರಾಯಭಾರಿಗಳೇ ಖಾತರಿ ಕೊಡಬೇಕಂತೆ. ಇಲ್ಲದಿದ್ದರೆ ಹುದ್ದೆ ಬೇರೊಬ್ಬನಿಗೆ. ಅವಳಿಲ್ಲದೆ ಕಚೇರಿ ಒಂದು ವಾರ ನಡೆಯದೆಂಬುದು ಸರ್ ಲಯೊನೆಲ್‌ಗೆ ಗೊತ್ತು. ಸುಳ್ಳು ಬರೆಯುವ ಜಾಯಮಾನ ಮಾತ್ರ ಅವರದಲ್ಲ.

ಹಿಂದಿನ ದಿನ ನೇರವಾಗಿಯೇ ಕೇಳಿದ್ದರು. “ಮದುವೆ ಗಿದುವೆ ಯೋಚನೆ ಏನಾದ್ರೂ ಇದೆಯೇನಮ್ಮಾ?”

“ಇಲ್ಲ ಸರ್. ಅದನ್ನ ಯೋಚಿಸೋದು ಬಿಟ್ಟು ಎಷ್ಟೋ ಕಾಲ ಆಯ್ತು.”

ಬಾಯಿಮಾತಿಗೇನು, ಯಾರು ಬೇಕಾದರೂ ಆಡಬಹುದು. ಕಣ್ಣಾರೆ ನೋಡಬೇಕು.

ನೋಡಿದರು. ಪೀಕ್ ಏನೋ ಕಥೆ ಶುರುಮಾಡಿದ. ಊನಾ ಆಕಳಿಸಿ, ಕೊನೆಯನ್ನು ತಾನೇ ಹೇಳಿ ಮುಗಿಸಿದಳು. ಅವನು ಮುಖ ಗಂಟಿಕ್ಕಿಕೊಂಡು ಅವಳ ತಟ್ಟೆಯ ಆಲೂಗಡ್ಡೆಯನ್ನು ತನ್ನ ತಟ್ಟೆಗೆ ಹಾಕಿಕೊಂಡ, ಒಂದು ಮಾತು ಕೇಳಲೂ ಇಲ್ಲ. ಅವಳು ರಾಜಕೀಯ ಮಾತಾಡತೊಡಗಿದರೆ ಅವನಿಗೆ ತೂಕಡಿಕೆ. ಮೊಣಕೈಯಿಂದ ತಿವಿದು ಎಬ್ಬಿಸಿದಳು. ಹೊರಡುವಾಗ, “ಆ ಮಫ್ಲರ್ ಯಾಕೆ ತಂದಿದ್ದು, ತೋರ್ಸೋಕಾ?” ಎಂದು ಗದರಿದಳು. ಅವನು ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದ.

ಸರ್ ಲಯೊನೆಲ್‌ರ ಎದೆ ಹಗುರಾಯಿತು. ಪ್ರೀತಿಸುವವರು ಎಲ್ಲಾದರೂ ಹೀಗಿರುತ್ತಾರೆಯೇ! ಮದುವೆಗೆ ಮುಂಚೆ ಹೆಂಡತಿ ಹೆಸ್ಟರಳ ಹಿಂದೆ ತಾವು ಸುತ್ತುತ್ತಿದ್ದ ಕಾಲದಲ್ಲಿ ಅವಳು ಕೆಮ್ಮಿದರೂ ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. ಇವರಿಬ್ಬರಿಗೋ ಎಣ್ಣೆ ಸೀಗೆಕಾಯಿ. ತಾವೇ ಖುದ್ದಾಗಿ ಪರೀಕ್ಷಿಸಿದ್ದಾಗಿಯೂ, ಮಿಸ್ ಕಾರ್ಲೊ ಮದುವೆಯಾಗುವ ಸಂಭವವೇ ಇಲ್ಲವೆಂದೂ ಬರೆದು, ಸಹಿ ಹಾಕಿ, ಲಂಡನ್‌ಗೆ ತಂತಿ ಕಳಿಸಿಯೇಬಿಟ್ಟರು.

ಆಮೇಲೆ ಹೆಂಡತಿಯ ಮುಂದೆ ಕೂತು ತಮ್ಮ ಜಾಣತನವನ್ನೆಲ್ಲ ಬಣ್ಣಿಸಿದರು. ಹೆಸ್ಟರ್ ಹೆಣಿಗೆಯಿಂದ ತಲೆಯೆತ್ತದೆ, ತಂತಿ ನಿಜವಾಗಿಯೂ ಹೋಯಿತೇ ಎಂದು ಎರಡು ಸಲ ಕೇಳಿದಳು. ಹೋಗಿದೆ, ಇನ್ನು ಮಾತು ಬದಲಿಸಿದರೆ ತಾವೇ ನಗೆಪಾಟಲಾಗಬೇಕು ಎಂದರು.

“ಹಾಗಾದ್ರೆ ಇನ್ನು ಹೇಳಬಹುದು ರೀ. ನಾಲ್ಕು ವರ್ಷದ ಹಿಂದೆ ಅವರಿಬ್ಬರ ಮದುವೆಗೆ ಸಾಕ್ಷಿ ಹಾಕಿದವಳು ನಾನೇ.”